ಖಾಲಿ ವೆಲ್ಲೂ ನೇರಳೆ ಆಯ್ತು

ಮೆದುಳಿನ ಗಡ್ಡೆಯ ಕೋಶಗಳು ಸುತ್ತಲಿನ ಮ್ಯಾಟ್ರಿಕ್ಸ್‌ಗೆ (ಕೋಶಗಳ ನಡುವಿನ ಜಾಲಕ್ಕೆ) ಹೇಗೆ ಅಂಟುತ್ತವೆ ಅಂತ ನೋಡುವ ಪ್ರಯೋಗ, ಪ್ರೋಟೊಕಾಲ್ ಓದಿದರೆ ಒಂದು ಮಧ್ಯಾಹ್ನದ ಕೆಲಸ. 96 ವೆಲ್ (ಪುಟ್ಟ ಗುಳಿ) ಇರುವ ಪ್ಲೇಟಿಗೆ ಫೈಬ್ರೊನೆಕ್ಟಿನ್, ಲ್ಯಾಮಿನಿನ್ ಎಂಬ ಮ್ಯಾಟ್ರಿಕ್ಸ್ ಪ್ರೋಟೀನುಗಳ ಕೋಟಿಂಗ್ ಕೊಡಿ, ಮಿಕ್ಕ ಜಾಗವನ್ನು ಕೋಶ ಅಂಟದ ಬಿಎಸ್ಎ ಎಂಬ ಪ್ರೋಟೀನಿನಿಂದ ಮುಚ್ಚಿ, ಗ್ಲಿಯೊಬ್ಲಾಸ್ಟೋಮಾ (ಮೆದುಳಿನ ಕ್ಯಾನ್ಸರ್) ಕೋಶ ಹಾಕಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಉಳಿದವಕ್ಕೆ ಕ್ರಿಸ್ಟಲ್ ವೈಲೆಟ್ ಎಂಬ ನೇರಳೆ ಬಣ್ಣ ಹಾಕಿ ರೀಡಿಂಗ್ ತೆಗೆಯಿರಿ. ನನಗೆ ಮೂರು ತಿಂಗಳು ಹಿಡಿಯಿತು.

ಮೊದಲ ಸಲ, ಏನೂ ಅಂಟಬಾರದ ಬರೀ ಬಿಎಸ್ಎ ವೆಲ್‌ಗಳೂ ಫೈಬ್ರೊನೆಕ್ಟಿನ್‌ನಷ್ಟೇ ನೇರಳೆ. ಬಿಎಸ್ಎ ಕೆಟ್ಟಿದೆ ಅಂತ ಹೊಸದು ತರಿಸಿದೆ. ಮತ್ತೆ ಅದೇ ಕಥೆ. ಸೀನಿಯರ್ ಒಬ್ಬರು ಕೇಳಿದರು: "ಕೋಶಗಳನ್ನ ಸೀರಮ್ ಇರೋ ಮೀಡಿಯಾದಲ್ಲೇ ಹಾಕ್ತಿದ್ದೀಯಾ?" ಹೌದು, ಹಾಕ್ತಿದ್ದೆ! ಸೀರಮ್ ಅಂದರೆ ಕೋಶ ಬೆಳೆಸುವ ಪೋಷಕ ದ್ರವಕ್ಕೆ (ಮೀಡಿಯಾ) ಬೆರೆಸುವ, ರಕ್ತದಿಂದ ತೆಗೆದ ದ್ರವ. ಅದರಲ್ಲೇ ಫೈಬ್ರೊನೆಕ್ಟಿನ್, ಅದರಂತೆಯೇ ಕೋಶ ಅಂಟಿಸುವ ವಿಟ್ರೊನೆಕ್ಟಿನ್ ಎರಡೂ ಇರುತ್ತವೆ, ಬಿಎಸ್ಎ ಮುಚ್ಚದೆ ಬಿಟ್ಟ ಸಂದುಗಳಲ್ಲಿ ಹೋಗಿ ಕೂರುತ್ತವೆ. ಸೀರಮ್ ಬಿಟ್ಟೆ, ಬಿಎಸ್ಎ ದ್ರಾವಣವನ್ನು ಬಿಸಿ ಮಾಡಿ ಬಳಸಿದೆ. ಖಾಲಿ ವೆಲ್ ಖಾಲಿಯೇ ಉಳಿಯಿತು.

ಆದರೆ ಈಗ ಎಲ್ಲೂ ಸರಿಯಾಗಿ ಅಂಟುತ್ತಿಲ್ಲ. ತಪ್ಪು ಟ್ರಿಪ್ಸಿನ್‌ದು (ಬೆಳೆಸಿದ ಪಾತ್ರೆಯಿಂದ ಕೋಶ ಬಿಡಿಸಲು ಹಾಕುವ, ಪ್ರೋಟೀನ್ ಕತ್ತರಿಸುವ ಕಿಣ್ವ), ಅಂದರೆ ನನ್ನದೇ. ಕೋಶ ಮ್ಯಾಟ್ರಿಕ್ಸನ್ನು ಹಿಡಿಯುವುದು ಇಂಟೆಗ್ರಿನ್ ಎಂಬ ಪ್ರೋಟೀನುಗಳಿಂದ. ಟ್ರಿಪ್ಸಿನ್ ಹಾಕಿ ಕಾಫಿಗೆ ಹೋಗಿ ಹತ್ತು ನಿಮಿಷ ಕಳೆದು ಬಂದರೆ ಕೋಶದ ಮೇಲ್ಮೈ ಪ್ರೋಟೀನುಗಳು ಉಳಿಯುತ್ತವಾ? ಹಾಗಂತ ಬರೀ ಇಡಿಟಿಎಗೆ (ಪ್ರೋಟೀನ್ ಕತ್ತರಿಸದೆ ಕೋಶ ಬಿಡಿಸುವ ರಾಸಾಯನಿಕ) ಬದಲಾಯಿಸಿದೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಕಿತ್ತುಕೊಳ್ಳುತ್ತದೆ, ಅವಿಲ್ಲದೆ ಇಂಟೆಗ್ರಿನ್ ಹಿಡಿಯುವುದೇ ಇಲ್ಲ. ಚೆನ್ನಾಗಿ ತೊಳೆದು, ಇವೆರಡೂ ಇರುವ ಮೀಡಿಯಾದಲ್ಲಿ ಹತ್ತು-ಹದಿನೈದು ನಿಮಿಷ ಸುಮ್ನೆ ಬಿಟ್ಟ ಮೇಲೆ ಕೋಶಗಳು ಚೇತರಿಸಿಕೊಂಡವು. ತೊಳೆಯುವ ಉಪ್ಪಿನ ದ್ರಾವಣ ಪಿಬಿಎಸ್‌ನಲ್ಲೂ ಇವು ಬೇಕು, ಅದನ್ನು ಯಾರೂ ಹೇಳಿರಲಿಲ್ಲ.

ಇನ್ನು ತೊಳೆಯುವ ಕೈ. ಪಿಪೆಟ್‌ನಿಂದ ಚುಯ್ ಅಂತ ಬಿಟ್ಟರೆ ನಾವು ಅಳೆಯುವುದು ಕೋಶದ ಅಂಟಲ್ಲ, ಹೆಬ್ಬೆರಳಿನ ಜೋರು. ನಾನು ಈಗ ಪ್ಲೇಟನ್ನು ಮಗುಚಿ ಚೆಲ್ಲಿ, ವೆಲ್‌ನ ಗೋಡೆಗುಂಟ ನಿಧಾನವಾಗಿ ಪಿಬಿಎಸ್ ಇಳಿಸುತ್ತೇನೆ.

ಇಷ್ಟಾದ ಮೇಲೆ ಆರ್‌ಜಿಡಿ ಪೆಪ್ಟೈಡ್ ಹಾಕಿ ನೋಡಿದೆ, ಅದು ಫೈಬ್ರೊನೆಕ್ಟಿನ್‌ನಲ್ಲಿ ಇಂಟೆಗ್ರಿನ್ ಹಿಡಿಯುವ ತುಣುಕಿನ ನಕಲು. ಫೈಬ್ರೊನೆಕ್ಟಿನ್ ಮೇಲಿನ ಹಿಡಿತ ಸಡಿಲವಾಯಿತು, ಲ್ಯಾಮಿನಿನ್ ಮೇಲೆ ಹೆಚ್ಚೇನೂ ಆಗಲಿಲ್ಲ, ಯಾಕಂದರೆ ಅಲ್ಲಿ ಹಿಡಿಯುವ ಇಂಟೆಗ್ರಿನ್‌ಗಳೇ ಬೇರೆ. ಅವತ್ತು ಪ್ರಯೋಗದ ಮೇಲೆ ನಂಬಿಕೆ ಬಂತು. ಔಷಧಿ ಸಿಕ್ಕೇಬಿಟ್ಟಿತು ಅನ್ನಿಸಿದ್ದೂ ನಿಜ. ಆದರೆ ಇದೇ ಆರ್‌ಜಿಡಿ ಉಪಾಯದ ಸಿಲೆಂಜಿಟೈಡ್ ಎಂಬ ಔಷಧಿ, ಗ್ಲಿಯೊಬ್ಲಾಸ್ಟೋಮಾ ರೋಗಿಗಳ ಆಯಸ್ಸು ಹೆಚ್ಚಿಸಲಿಲ್ಲ ಅಂತ ದೊಡ್ಡ ಟ್ರಯಲ್‌ನ ಫಲಿತಾಂಶ 2014ರಲ್ಲೇ ಪ್ರಕಟವಾಗಿದೆ.

ನನ್ನ ಪ್ಲೇಟೂ ಮೆದುಳಿನಂತಿಲ್ಲ, ಅಲ್ವಾ? ಮೆದುಳಿನಲ್ಲಿ ಫೈಬ್ರೊನೆಕ್ಟಿನ್ ಕಮ್ಮಿ, ಅದೂ ಜಾಸ್ತಿ ರಕ್ತನಾಳಗಳ ಸುತ್ತ. ಉಳಿದ ಕಡೆ ಹೈಲುರೊನಾನ್ ಎಂಬ ಉದ್ದ ಸಕ್ಕರೆ ಸರಪಳಿಯದೇ ರಾಜ್ಯ, ಅದನ್ನು ಕೋಶ ಹಿಡಿಯುವುದು ಸಿಡಿ44 ಎಂಬ ಮೇಲ್ಮೈ ಪ್ರೋಟೀನಿನಿಂದ. ಪ್ಲಾಸ್ಟಿಕ್ಕಂತೂ ಮೆದುಳಿಗಿಂತ ಲಕ್ಷಾಂತರ ಪಟ್ಟು ಗಟ್ಟಿ. ಹಾಗಾಗಿ ಹೈಲುರೊನಾನ್ ಜೆಲ್ ಮೇಲೆ ಕೋಶ ಹಾಕಿ, ಹಳೇ ಅಭ್ಯಾಸದಲ್ಲಿ ಕ್ರಿಸ್ಟಲ್ ವೈಲೆಟ್ ಸುರಿದೆ. ಜೆಲ್ಲೇ ಬಣ್ಣ ಕುಡಿದು ಇಡೀ ಪ್ಲೇಟ್ ನೇರಳೆ. ಈಗ ಕೋಶಗಳಿಗೆ ಮೊದಲೇ ಕ್ಯಾಲ್ಸೀನ್ ಎಂಬ ಹೊಳೆಯುವ ಬಣ್ಣ ತುಂಬಿಸಿ, ಹೊಳೆಯುವುದನ್ನಷ್ಟೇ ಅಳೆಯುತ್ತಿದ್ದೇನೆ.