ಮಯಸ್ತೇನಿಯಾ: ಪ್ರತಿರಕ್ಷಣಾ ಕಣಗಳ ರಿಪೋರ್ಟ್ ಓದುವುದು ಹೇಗೆ?

ಬೆಳಿಗ್ಗೆ ಸರಿಯಾಗಿದ್ದ ರೆಪ್ಪೆ ಸಂಜೆಗೆ ಜೋತುಬೀಳುತ್ತದೆ. ಊಟ ಮುಗಿಯುವ ಮೊದಲೇ ದವಡೆ ಸೋಲುತ್ತದೆ. ಮಯಸ್ತೇನಿಯಾ ಗ್ರ್ಯಾವಿಸ್ ಇರುವವರಿಗೆ ಇದು ಹೊಸದಲ್ಲ. ಹೆಚ್ಚಿನವರಲ್ಲಿ, ನರ ಸಂದೇಶವಾಗಿ ಕಳಿಸುವ ಅಸಿಟೈಲ್‌ಕೋಲಿನ್ ಅನ್ನು ಹಿಡಿಯುವ ಸ್ನಾಯುವಿನ ಗ್ರಾಹಕಗಳನ್ನು ದೇಹದ್ದೇ ಪ್ರತಿಕಾಯಗಳು ಕೆಡಿಸುತ್ತವೆ. ಆ ಪ್ರತಿಕಾಯಗಳನ್ನು ತಯಾರಿಸುವುದು ಬಿ ಕಣಗಳೆಂಬ ಬಿಳಿರಕ್ತಕಣಗಳ ವಂಶ. ಅವನ್ನು ಹುರಿದುಂಬಿಸುವುದು ಟಿ ಕಣಗಳು. ಈ ಕಣಗಳನ್ನು ಎಣಿಸುವ ಪರೀಕ್ಷೆಯೇ ಫ್ಲೋ ಸೈಟೊಮೆಟ್ರಿ.

ಮೊದಲೇ ಹೇಳಿಬಿಡುತ್ತೇನೆ, ರೋಗ ಇದೆಯೋ ಇಲ್ಲವೋ ಎಂದು ತಿಳಿಯಲು ಇದನ್ನು ಮಾಡಿಸುವುದಿಲ್ಲ. ಅದಕ್ಕೆ ಪ್ರತಿಕಾಯದ ರಕ್ತಪರೀಕ್ಷೆ, ನರ–ಸ್ನಾಯು ಪರೀಕ್ಷೆ ಇವೆ. ಕಣಗಳ ಲೆಕ್ಕ ಬೇಕಾಗುವುದು ಸಂಶೋಧನೆಗೆ, ಇಲ್ಲವೇ ಬಿ ಕಣಗಳನ್ನು ತೆಗೆಯುವ ರಿಟುಕ್ಸಿಮ್ಯಾಬ್‌ನಂಥ ಔಷಧಿಯ ಹಿಂದೆ ಮುಂದೆ.

ಹಂತ 1: ರಕ್ತ ಕೊಡುವಾಗ. ಸಾಮಾನ್ಯವಾಗಿ ನೇರಳೆ ಮುಚ್ಚಳದ ಟ್ಯೂಬಿಗೆ ತೆಗೆಯುತ್ತಾರೆ. ಕಣಗಳು ಹಾಳಾಗುವ ಮೊದಲೇ ಲ್ಯಾಬಿಗೆ ತಲುಪಬೇಕು. ಹೊಸ ಔಷಧಿ ಶುರುವಾಗುವ ಮೊದಲೇ ಒಂದು ಸಲ ಮಾಡಿಸಿದ್ದರೆ ಮುಂದೆ ಹೋಲಿಸಿ ನೋಡಬಹುದು. ಆದರೆ ಪರೀಕ್ಷೆಗೋಸ್ಕರ ನೀವೇ ಮಾತ್ರೆ ನಿಲ್ಲಿಸಬೇಡಿ.

ಹಂತ 2: ಲ್ಯಾಬಿನಲ್ಲಿ. ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯಗಳನ್ನು ರಕ್ತಕ್ಕೆ ಬೆರೆಸುತ್ತಾರೆ. ಕಣಗಳು ಒಂದರ ಹಿಂದೊಂದು ಲೇಸರ್ ಮುಂದೆ ಹಾದುಹೋಗುತ್ತವೆ. ಯಾವ ಬಣ್ಣ ಮಿನುಗಿತು ಎಂಬುದರ ಮೇಲೆ ಯಂತ್ರ ಗುರುತು ಹಿಡಿಯುತ್ತದೆ.

ಹಂತ 3: ಹೆಸರುಗಳು. ಸಿಡಿ ಎಂಬುದು ಕಣದ ಮೈಮೇಲಿನ ಗುರುತು. ಸಿಡಿ3 ಎಂದರೆ ಟಿ ಕಣ. ಅದರೊಳಗೆ ಸಿಡಿ4 ಸಹಾಯಕ, ಸಿಡಿ8 ಕೊಲ್ಲುವ ಬಗೆ. ಸಿಡಿ19 ಬಿ ಕಣ. ಇವೆರಡರ ಜೊತೆ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಎಂಬ ಮೂರನೇ ಬಗೆಯೂ ಇದೆ, ಮೂರನ್ನೂ ಸೇರಿಸಿ ಲಿಂಫೊಸೈಟ್ ಎನ್ನುತ್ತಾರೆ. ಟಿ, ಬಿ ಮತ್ತು ಎನ್‌ಕೆ ಕಣಗಳ ಶೇಕಡಾ ಕೂಡಿಸಿ ನೋಡಿ, 100ರ ಆಸುಪಾಸು ಬರಬೇಕು. ತೀರಾ ದೂರವಿದ್ದರೆ ಲ್ಯಾಬಿನವರನ್ನು ಕೇಳಿ.

ಹಂತ 4: ಶೇಕಡಾ ಬಿಟ್ಟು ಸಂಖ್ಯೆ ನೋಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಉದಾಹರಣೆಗೆ, ಒಂದು ಮೈಕ್ರೋಲೀಟರ್ ರಕ್ತದಲ್ಲಿ 2,000 ಲಿಂಫೊಸೈಟ್ ಇದ್ದು ಬಿ ಕಣ ಶೇ 10 ಎಂದುಕೊಳ್ಳಿ. ಅಂದರೆ 200. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಶುರುಮಾಡಿದ ಮೇಲೆ ಲಿಂಫೊಸೈಟ್ 800ಕ್ಕೆ ಇಳಿದು, ಬಿ ಕಣ ಶೇ 20 ಆಯಿತು. ಅಯ್ಯೋ, ದುಪ್ಪಟ್ಟಾಯ್ತಲ್ಲ! ಲೆಕ್ಕ ಹಾಕಿದರೆ 160, ಕಮ್ಮಿಯೇ ಆಗಿದೆ. ಸ್ಟೆರಾಯ್ಡ್ ಡೋಸ್ ತಿಳಿಯದೆ ಈ ರಿಪೋರ್ಟ್ ಓದಿ ಪ್ರಯೋಜನವಿಲ್ಲ.

ಹಂತ 5: ರಿಟುಕ್ಸಿಮ್ಯಾಬ್ ನಂತರ. ಈ ಔಷಧಿ ಸಿಡಿ20 ಇರುವ ಬಿ ಕಣಗಳನ್ನು ತೆಗೆಯುತ್ತದೆ. ಔಷಧಿಯೇ ಸಿಡಿ20ರ ಮೇಲೆ ಕೂತಿರುವುದರಿಂದ ಎಣಿಕೆಗೆ ಸಿಡಿ19 ನೋಡುತ್ತಾರೆ. ಅದು ಸೊನ್ನೆಯ ಹತ್ತಿರ ಬಂದರೂ ಸುಸ್ತು ಹೋಗದಿರಬಹುದು. ಬಿ ಕಣಗಳಿಂದ ಹುಟ್ಟಿ ಪ್ರತಿಕಾಯ ತಯಾರಿಸುವ ಹಳೆಯ ಪ್ಲಾಸ್ಮಾ ಕಣಗಳಲ್ಲಿ ಸಿಡಿ20 ಇಲ್ಲ, ಅವು ತಪ್ಪಿಸಿಕೊಂಡು ಪ್ರತಿಕಾಯ ಸುರಿಸುತ್ತಲೇ ಇರುತ್ತವೆ. ಗ್ರಾಹಕದ ಬದಲು ಮಸ್ಕ್ ಎಂಬ ಸ್ನಾಯುವಿನ ಪ್ರೋಟೀನಿನ ಮೇಲೆ ಎರಗುವ ಪ್ರತಿಕಾಯ ಇರುವವರಿಗೆ ಈ ಔಷಧಿ ಚೆನ್ನಾಗಿ ಒಗ್ಗುವುದಕ್ಕೆ ಒಂದು ಕಾರಣವೂ ಇಲ್ಲೇ ಇದೆ: ಅವರಲ್ಲಿ ಪ್ರತಿಕಾಯ ಬರುವುದು ಹೆಚ್ಚಾಗಿ, ಬಿ ಕಣಗಳಿಂದ ಆಗಷ್ಟೇ ಹುಟ್ಟುವ ಅಲ್ಪಾಯುಷಿ ಪ್ಲಾಸ್ಮಾಬ್ಲಾಸ್ಟ್‌ಗಳಿಂದ.

ಹಂತ 6: ರಿಪೋರ್ಟಿನಲ್ಲಿ ಕಾಣದ್ದು. ಕಡಿವಾಣ ಹಾಕುವ ಟಿ ಕಣಗಳ ಸಂಖ್ಯೆ ಸರಿಯಿದ್ದರೂ ಅವು ಸರಿಯಾಗಿ ಕೆಲಸ ಮಾಡದಿರಬಹುದು. ಸುಮ್ನೆ ಎಣಿಸಿದರೆ ಅದು ಗೊತ್ತಾಗದು. ಎಷ್ಟೋ ಜನರಲ್ಲಿ ಗಲಾಟೆ ನಡೆಯುವುದು ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ, ತೋಳಿನ ರಕ್ತದಲ್ಲಲ್ಲ. ಅದಕ್ಕೇ ಎದೆಯ ಸ್ಕ್ಯಾನ್ ಬೇರೆ ಮಾಡಿಸುತ್ತಾರೆ.

ನರರೋಗ ತಜ್ಞರ ಬಳಿ ಹೋಗುವಾಗ ರಿಪೋರ್ಟಿನ ಮೇಲೆ ಪೆನ್ನಲ್ಲಿ ಇಷ್ಟು ಬರೆದಿಡಿ: ರಕ್ತ ಕೊಟ್ಟ ದಿನ, ಆಗಿನ ಸ್ಟೆರಾಯ್ಡ್ ಡೋಸ್, ಕೊನೆಯ ರಿಟುಕ್ಸಿಮ್ಯಾಬ್ ತಾರೀಖು. ನುಂಗಲು, ಉಸಿರಾಡಲು ಕಷ್ಟವಾದರೆ ಮಾತ್ರ ಯಾವ ರಿಪೋರ್ಟಿಗೂ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ.