ಕಾವಿಗೆ ಅಗಸೆ ಎಣ್ಣೆಯೇ ಏಕೆ: ಮುಧೋಳದ ಬಡಿಗನೊಬ್ಬನ ಅನುಭವ

ಸಲಿಕೆ, ಗುದ್ದಲಿ, ಕೊಡಲಿ, ಕಬ್ಬು ಕಡಿಯುವ ಕೊಯ್ತಾ, ಉಳಿ, ಬಾಚಿ ಹೀಗೆ ಕೈಯಲ್ಲಿ ಹಿಡಿದು ದುಡಿಯುವ ಸಾಮಾನು ಯಾವುದೇ ಇರಲಿ, ಅದರ ಕಾವಿಗೆ, ಅಂದರೆ ಮರದ ಹಿಡಿಗೆ, ನಾನು ಹಚ್ಚುವುದು ಅಗಸೆ ಎಣ್ಣೆ. ವಾರ್ನಿಷ್ ಅಲ್ಲ, ಪಾಲಿಶ್ ಅಲ್ಲ, ಬಣ್ಣವಂತೂ ಅಲ್ಲವೇ ಅಲ್ಲ. ಮುಧೋಳದಲ್ಲಿ ಬಡಿಗತನ ಮಾಡುವ ನನ್ನ ಬಳಿಗೆ ಬಾಗಿಲು, ಕಿಟಕಿ ಮಾಡಿಸುವವರಷ್ಟೇ ಕಾವು ಹಾಕಿಸುವವರೂ ಬರುತ್ತಾರೆ. ಇದು ಕಬ್ಬಿನ ಸೀಮೆ. ಕಾರ್ಖಾನೆಗಳು ಕಬ್ಬು ನುರಿಸಲು ತೊಡಗಿದವೆಂದರೆ ಸಡಿಲಾದ, ಸೀಳಿದ ಹಿಡಿಗಳೆಲ್ಲ ಅಂಗಡಿಯ ಮುಂದೆ ಬಂದು ಬೀಳುತ್ತವೆ. ಹಾಗೆ ಮರಳಿ ಬಂದ ಹಿಡಿಗಳನ್ನು ಕೈಯಲ್ಲಿ ಹಿಡಿದು ನೋಡುತ್ತ ನೋಡುತ್ತ ನನ್ನ ಅಭಿಪ್ರಾಯ ಗಟ್ಟಿಯಾಗಿದೆ.

ವಾರ್ನಿಷ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮೇಜು, ಬಾಗಿಲುಗಳಿಗೆ ನಾನೂ ಹಚ್ಚುತ್ತೇನೆ. ಪದರ ಒಡೆಯದೆ ಇರುವಷ್ಟು ದಿನ ತೇವವನ್ನು ತಡೆಯುವುದರಲ್ಲಿ ಅದು ಎಣ್ಣೆಗಿಂತ ಮೇಲು. ಆದರೆ ಕಾವಿನ ಬಾಳುವೆಯೇ ಬೇರೆ. ಅದು ಏಟು ತಿನ್ನುತ್ತದೆ, ಕಲ್ಲಿಗೆ ತಾಗುತ್ತದೆ, ಬೆವರು ಕುಡಿಯುತ್ತದೆ, ರಾತ್ರಿಯಿಡೀ ಒದ್ದೆ ಎರೆ ಮಣ್ಣಿನಲ್ಲಿ ಬಿದ್ದಿರುತ್ತದೆ. ಮರದ ಮೇಲೆ ಪೊರೆಯಾಗಿ ನಿಂತ ವಾರ್ನಿಷ್ ಒಂದು ಕಡೆ ಬಿರಿದರೆ ಸಾಕು, ನೀರು ಅಲ್ಲಿಂದ ಒಳಗಿಳಿದು ಪೊರೆಯ ಅಡಿಯಲ್ಲೇ ಹರಡುತ್ತದೆ. ಹೋದ ನೀರು ಬೇಗ ಹೊರಗೆ ಬರುವುದಿಲ್ಲ. ಪೊರೆ ಬೆಳ್ಳಗಾಗಿ ಎದ್ದು, ಹಕ್ಕಳೆಯಾಗಿ ಉದುರುತ್ತದೆ. ಉಳಿದ ಅಂಚುಗಳು ಅಂಗೈಯನ್ನು ಕೊರೆಯುತ್ತವೆ. ಬೆವರಿದ ಕೈಗೆ ನುಣುಪಾದ ವಾರ್ನಿಷ್ ಜಾರುತ್ತದೆ, ಜಾರಿದಷ್ಟೂ ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಬೊಕ್ಕೆ ಏಳುವುದು ಅಲ್ಲಿಂದಲೇ. ದಿನವಿಡೀ ಕಬ್ಬು ಕಡಿಯುವವರ ಅಂಗೈ ನೋಡಿದವರಿಗೆ ಇದು ಸಣ್ಣ ವಿಷಯವೆಂದು ಅನ್ನಿಸಲಾರದು.

ಅರಗಿನ ಫ್ರೆಂಚ್ ಪಾಲಿಶ್ ನೋಡಲು ಚೆಂದ, ಆದರೆ ನೀರು ನಿಂತರೆ ಬಿಳಿ ಕಲೆ ಬೀಳುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲು. ಬೇಸಿಗೆಯಲ್ಲಿ ನಮ್ಮ ಬಾಗಲಕೋಟೆ, ವಿಜಯಪುರಗಳ ನೆರಳಿನ ಬಿಸಿಯೇ 40 ಡಿಗ್ರಿ ದಾಟುತ್ತದೆ. ಬಿಸಿಲಿನಲ್ಲಿ ಬಿದ್ದ ಕಾವು ಇನ್ನೂ ಕಾಯುತ್ತದೆ. ಬರೀ ಮೇಣ ಹಚ್ಚಿದ ಹಿಡಿ ಆಗ ಅಂಟಂಟಾಗಿ ಧೂಳನ್ನೆಲ್ಲ ಮೆತ್ತಿಕೊಳ್ಳುತ್ತದೆ.

ಮನೆಯಲ್ಲಿ ಇರುವ ಎಣ್ಣೆಯನ್ನೇ ಹಚ್ಚಿದರೆ ಆಗದೇ ಎಂದು ಬಹಳ ಜನ ಕೇಳುತ್ತಾರೆ. ಅವರಿಗೆ ಬಾಯಿಮಾತಿನಲ್ಲಿ ಹೇಳುವ ಬದಲು ಅಂಗಡಿಯ ಕಿಟಕಿಯಲ್ಲಿ ಇಟ್ಟಿರುವ ಗಾಜಿನ ತುಂಡನ್ನು ತೋರಿಸುತ್ತೇನೆ. ಅದರ ಮೇಲೆ ಶೇಂಗಾ, ಕೊಬ್ಬರಿ, ಹರಳು, ಕುಸುಬೆ, ಅಗಸೆ ಎಣ್ಣೆಗಳನ್ನು ಒಂದೊಂದು ಹನಿ ತೆಳ್ಳಗೆ ಸವರಿ ಇಟ್ಟಿದ್ದೇನೆ. ಶೇಂಗಾ, ಕೊಬ್ಬರಿ, ಹರಳೆಣ್ಣೆಗಳು ತಿಂಗಳುಗಟ್ಟಲೆ ಕಳೆದರೂ ಬೆರಳಿಗೆ ಹತ್ತುತ್ತವೆ, ಮೇಲೆಲ್ಲ ಧೂಳು ಕೂತಿದೆ. ಅಗಸೆ ಎಣ್ಣೆ ಹಳದಿ ಪೊರೆಯಾಗಿ ಗಟ್ಟಿಯಾಗಿದೆ. ಉಗುರಿನಿಂದ ಕೆರೆದರೆ ಮೆತ್ತನೆಯ ಸಿಪ್ಪೆಯಂತೆ ಸುರುಳಿ ಸುತ್ತಿ ಬರುತ್ತದೆ. ಕುಸುಬೆ ಎಣ್ಣೆಯೂ ಒಣಗುತ್ತದೆ, ಆದರೆ ನಿಧಾನ. ಅಗಸೆಯಷ್ಟು ಹಳದಿಗೆ ತಿರುಗುವುದಿಲ್ಲವೆಂದು ಅದನ್ನು ತಿಳಿ ಬಣ್ಣಗಳಲ್ಲಿ ಬಳಸುವುದುಂಟು.

ಅಗಸೆ ಎಣ್ಣೆ ಒಣಗುವುದೆಂದರೆ ಆವಿಯಾಗಿ ಹೋಗುವುದಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ, ಕಣಕ್ಕೆ ಕಣ ಬೆಸೆದುಕೊಂಡು ಗಟ್ಟಿಯಾಗುತ್ತದೆ. ಮರದ ಎಳೆಗಳ ಒಳಗೇ ಇದು ನಡೆಯುವುದರಿಂದ ಏಳಲು, ಉದುರಲು ಪೊರೆಯೇ ಇರುವುದಿಲ್ಲ. ಸವೆದರೆ ಸವೆದ ಜಾಗಕ್ಕೆ ಇನ್ನಷ್ಟು ಎಣ್ಣೆ ಹಚ್ಚಿದರಾಯಿತು, ಹಳೆಯದು ಹೊಸದನ್ನು ಒಪ್ಪಿಕೊಳ್ಳುತ್ತದೆ. ಹೊಲದ ಮಾಲೀಕನೇ ಕಟ್ಟೆಯ ಮೇಲೆ ಕೂತು ಮಾಡಿಕೊಳ್ಳಬಹುದಾದ ಕೆಲಸ ಇದು. ನನ್ನ ಆಯ್ಕೆಗೆ ದೊಡ್ಡ ಕಾರಣವೂ ಇದೇ.

ಎಣ್ಣೆ ಎರಡು ಬಗೆಯಲ್ಲಿ ಸಿಗುತ್ತದೆ. ಗಾಣದಿಂದ ತಂದ ಹಸಿ ಎಣ್ಣೆ ಒಣಗಲು ಬಹಳ ಸಮಯ ಹಿಡಿಯುತ್ತದೆ. ಬಣ್ಣದ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಒಂದೆರಡು ದಿನಕ್ಕೆ ಕೈಗೆ ಹತ್ತುವುದಿಲ್ಲ. ಹೊಲದಲ್ಲಿ ಬುತ್ತಿ ಬಿಚ್ಚಿ ಅದೇ ಕೈಯಿಂದ ರೊಟ್ಟಿ ಮುರಿಯುವವರ ಹಿಡಿಗೆ ನಾನು ಗಾಣದ ಎಣ್ಣೆಯನ್ನೇ ಹಚ್ಚಿ, ತಡವಾದರೂ ಸರಿ ಎಂದು ಬಿಸಿಲಿಗೆ ಇಡುತ್ತೇನೆ. ಈಳಿಗೆ ಮಣೆಗೂ ಅದೇ. ಹೊಸ ಡಬ್ಬಿ ತಂದಾಗಲೆಲ್ಲ ಗಾಜಿನ ಮೇಲೆ ಒಂದು ಹನಿ ಸವರಿ ನೋಡಿಯೇ ಬಳಸುತ್ತೇನೆ. ಕಲಬೆರಕೆಯಾದ ಎಣ್ಣೆ ಗಾಜಿನ ಮೇಲೆ ಒಣಗದೆ ಸಿಕ್ಕಿಬೀಳುತ್ತದೆ.

ಎಣ್ಣೆ ಹಚ್ಚುವ ಮೊದಲು ಮರ ಒಣಗಿರಬೇಕು. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಜಾಲಿ. ಭಾರ, ಗಟ್ಟಿ, ಎತ್ತಿನ ಬಂಡಿಗೂ ಅದೇ ಆಗಿಬಂದದ್ದು. ಕೊಡಲಿಗೆ ದಿಂಡಿಗವಾಗಲಿ ತಡಸಲಾಗಲಿ ಸಿಕ್ಕರೆ ನಾನು ಬಿಡುವುದಿಲ್ಲ, ಏಟಿಗೆ ಬಾಗಿ ಮತ್ತೆ ನೆಟ್ಟಗಾಗುವ ಗುಣ ಅವುಗಳಿಗಿದೆ. ಹಸಿ ಮರಕ್ಕೆ ಎಣ್ಣೆ ಹಚ್ಚಿದರೆ ಎಣ್ಣೆ ಒಳಗಿಳಿಯುವುದಿಲ್ಲ, ಆಮೇಲೆ ಮರ ಕುಗ್ಗಿ ಬೆಣೆ ಸಡಿಲಾಗುತ್ತದೆ. ಕಾವನ್ನು ಕೆತ್ತಿದ ಮೇಲೆ ಒಡೆದ ಗಾಜಿನ ಚೂರಿನ ಅಂಚಿನಿಂದ ಹೆರೆಯುತ್ತೇನೆ. ನಮ್ಮ ಹಿರಿಯರ ಪದ್ಧತಿ ಇದು, ಎಳೆಗಳನ್ನು ಕೀಳದೆ ತೆಳುವಾಗಿ ಕತ್ತರಿಸುತ್ತದೆ. ಅನಂತರ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡುತ್ತೇನೆ. ಒಣಗಿದಾಗ ಸಣ್ಣ ಎಳೆಗಳು ಮುಳ್ಳಾಗಿ ನಿಲ್ಲುತ್ತವೆ, ಅವನ್ನು 120 ನಂಬರಿನ ಉಪ್ಪುಕಾಗದದಿಂದ ತೆಗೆಯುತ್ತೇನೆ. ಇದನ್ನು ಈಗಲೇ ಮಾಡದಿದ್ದರೆ ಮೊದಲ ಮಳೆಗೆ ಆ ಮುಳ್ಳುಗಳು ಹಿಡಿದವರ ಅಂಗೈಯಲ್ಲಿ ಏಳುತ್ತವೆ. 120ಕ್ಕಿಂತ ನುಣುಪು ಮಾಡುವುದಿಲ್ಲ, ಹಿಡಿಗೆ ಸ್ವಲ್ಪ ಕಚ್ಚುವ ಗುಣ ಬೇಕು.

ಮೊದಲ ಸಲ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸುತ್ತೇನೆ, ತೆಳ್ಳಗಾದ ಎಣ್ಣೆ ಆಳಕ್ಕೆ ಇಳಿಯುತ್ತದೆ. ಧಾರಾಳವಾಗಿ ಹಚ್ಚಿ, ಅರ್ಧ ತಾಸು ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಪೂರ್ತಿ ಒರೆಸಬೇಕು. ಈ ಒರೆಸುವ ಕೆಲಸದಲ್ಲಿ ಜನ ಉದಾಸೀನ ಮಾಡುತ್ತಾರೆ. ಹೆಚ್ಚು ಬಿಟ್ಟರೆ ಹೆಚ್ಚು ಬಾಳಿಕೆ ಎಂಬ ನಂಬಿಕೆ ತಪ್ಪು. ಮೇಲೆ ದಪ್ಪಗೆ ಉಳಿದ ಎಣ್ಣೆ ಸುಕ್ಕುಗಟ್ಟಿ ಅಂಟಾಗಿಯೇ ಉಳಿಯುತ್ತದೆ. ಒಣಗಿದ ಮೇಲೆ ಬೆರೆಸದ ಎಣ್ಣೆಯನ್ನು ಇನ್ನೂ ಮೂರು ನಾಲ್ಕು ಸಲ, ಪ್ರತಿ ಸಲವೂ ತೆಳ್ಳಗೆ. ಅಂಗೈಯಿಂದ ಬಿಸಿ ಹುಟ್ಟುವವರೆಗೆ ತಿಕ್ಕಿದರೆ ಹಿಡಿಗೆ ಮಂದವಾದ ಹೊಳಪು ಬರುತ್ತದೆ. ಮೂಸಿ ನೋಡಿ, ಎಣ್ಣೆಯ ಘಾಟು ಅಡಗಿದ್ದರೆ ಕೆಲಸಕ್ಕೆ ಕೊಡಬಹುದು.

ಒರೆಸಿದ ಬಟ್ಟೆಯ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆಯಲ್ಲಿ ಆ ಬಿಸಿ ಹೊರಗೆ ಹೋಗಲಾಗದೆ ಕೂಡಿಕೊಂಡು ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತಿಕೊಳ್ಳುತ್ತದೆ. ಹೊಟ್ಟು, ಕಟ್ಟಿಗೆ ತುಂಡುಗಳ ನಡುವೆ ಕೆಲಸ ಮಾಡುವ ನಮಗೂ, ಹಿತ್ತಲಲ್ಲಿ ಕಣಿಕೆಯ ಬಣವೆ ಒಟ್ಟಿದ ರೈತರಿಗೂ ಇದು ಪ್ರಾಣದ ವಿಷಯ. ನಾನು ಬಟ್ಟೆಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸುತ್ತೇನೆ, ಇಲ್ಲವೇ ಬಯಲಿನಲ್ಲಿ ಕಲ್ಲಿನ ಮೇಲೆ ಒಂಟಿ ಪದರವಾಗಿ ಹರಡುತ್ತೇನೆ. ಗರಿಗರಿಯಾಗಿ ಒಣಗಿದ ಮೇಲೆ ಅಪಾಯವಿಲ್ಲ.

ಕಾವಿನಲ್ಲಿ ಎಣ್ಣೆ ಬೇಕಾದ ಮುಖ್ಯ ಜಾಗ ಕಡಿದ ತುದಿ, ಅಂದರೆ ಕಬ್ಬಿಣದ ತೂತಿನೊಳಗೆ ಕೂರುವ ಭಾಗ. ಮರದ ಸಣ್ಣ ಕೊಳವೆಗಳು ಬಾಯಿ ತೆರೆದಿರುವುದು ಅಲ್ಲಿ, ನೀರು ಏರುವುದೂ ಅಲ್ಲಿಂದಲೇ. ಕಾವು ಸಡಿಲಾದರೆ ಹೊಂಡದಲ್ಲಿ ನೆನೆಹಾಕುವ ರೂಢಿ ನಮ್ಮಲ್ಲಿದೆ. ನೆನೆದ ಮರ ಉಬ್ಬಿ ಬಿಗಿಯಾಗುವುದು ನಿಜ, ಆದರೆ ಕಬ್ಬಿಣ ಅದನ್ನು ಉಬ್ಬಲು ಬಿಡದೆ ಎಳೆಗಳನ್ನು ಜಜ್ಜುತ್ತದೆ. ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲ. ಅದಕ್ಕೇ ಬೆಣೆ ಹೊಡೆಯುವ ಮೊದಲು ತುದಿಯನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನಿಲ್ಲಿಸುತ್ತೇನೆ. ಜಾಲಿಗೆ ಇದರಿಂದ ಇನ್ನೊಂದು ಉಪಕಾರವಿದೆ: ಅದರಲ್ಲಿರುವ ಒಗರು ಒದ್ದೆ ಕಬ್ಬಿಣದ ಜೊತೆ ಸೇರಿ ಮರವನ್ನು ಕಪ್ಪಾಗಿಸುತ್ತದೆ, ಎಣ್ಣೆ ಕುಡಿದ ತುದಿಯಲ್ಲಿ ಇದು ಕಡಿಮೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ನದಿದಂಡೆಯ ಊರುಗಳ ಸಾಮಾನುಗಳು ನೀರಿನಲ್ಲಿ ನಿಂತವು. ಪ್ರವಾಹ ಇಳಿದ ಮೇಲೆ ನನ್ನ ಬಳಿಗೆ ಬಂದ ಹಿಡಿಗಳಲ್ಲಿ ಎರಡೂ ಬಗೆಯವು ಇದ್ದವು. ವಾರ್ನಿಷ್ ಹಿಡಿಗಳ ಪೊರೆ ಬೆಳ್ಳಗೆ ಎದ್ದು ಬೆರಳಿಗೆ ಸುಲಿದು ಬರುತ್ತಿತ್ತು, ಅದರಡಿ ಮರ ಇನ್ನೂ ಹಸಿಹಸಿ. ಎಣ್ಣೆಯ ಹಿಡಿಗಳೂ ಬೂದು ಬಣ್ಣಕ್ಕೆ ತಿರುಗಿ ಒರಟಾಗಿದ್ದವು, ಎಣ್ಣೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಆದರೆ ನೆರಳಿನಲ್ಲಿ ಒಣಗಿಸಿ, ಉಪ್ಪುಕಾಗದ ಆಡಿಸಿ, ಮತ್ತೆ ಎಣ್ಣೆ ಹಚ್ಚಿದಾಗ ಅವು ಕೆಲಸಕ್ಕೆ ಮರಳಿದವು. ವಾರ್ನಿಷ್ ಹಿಡಿಗಳನ್ನು ಮೊದಲಿನಿಂದ ಕೆರೆಯಬೇಕಾಯಿತು.

ಎಲ್ಲ ಕಡೆಗೂ ಬರೀ ಎಣ್ಣೆ ಸಾಲದು. ಖಾನಾಪುರದ ಕಡೆಯ ಮಳೆಗೆ ಹಸಿ ಅಗಸೆ ಎಣ್ಣೆ ಹಚ್ಚಿದ ಹಿಡಿಗೆ ಬೂಷ್ಟು ಹಿಡಿಯುತ್ತದೆ. ಅಲ್ಲಿಗೆ, ಹಾಗೆಯೇ ವರ್ಷವಿಡೀ ಹೊರಗೇ ಬಿದ್ದಿರುವ ಪಿಕಾಸಿಗಳಿಗೆ, ಬಾಯ್ಲ್ಡ್ ಎಣ್ಣೆ, ಎಣ್ಣೆಯ ವಾರ್ನಿಷ್, ಟರ್ಪೆಂಟೈನ್ ಮೂರನ್ನೂ ಸಮನಾಗಿ ಬೆರೆಸಿ ಹಚ್ಚುತ್ತೇನೆ. ಹಚ್ಚಿ ಒರೆಸಿಬಿಡುವುದರಿಂದ ವಾರ್ನಿಷ್ ಮೇಲೆ ಪೊರೆಯಾಗದೆ ಒಳಗೇ ಗಟ್ಟಿಯಾಗುತ್ತದೆ.

ಅಂಗಡಿಯಿಂದ ಕೊಂಡ ಹೊಳೆಯುವ ಕಾವು ನಿಮ್ಮಲ್ಲಿದ್ದರೆ ಗಾಜಿನ ಚೂರಿನಿಂದ ಪೊರೆಯನ್ನು ಪೂರ್ತಿ ಹೆರೆದು ಎಣ್ಣೆ ಹಚ್ಚಿ. ಅರ್ಧಮರ್ಧ ಹೆರೆದರೆ ಎಣ್ಣೆ ತೇಪೆ ತೇಪೆಯಾಗಿ ಕೂರುತ್ತದೆ. ಮುಂದಕ್ಕೆ ವರ್ಷಕ್ಕೆ ಎರಡು ಸಲ ಹಚ್ಚಿದರೆ ಸಾಕು: ಕಾರ ಹುಣ್ಣಿಮೆಯ ಹೊತ್ತಿಗೆ, ಮಳೆ ಜೋರಾಗುವ ಮೊದಲು ಒಮ್ಮೆ, ಖಂಡೇನವಮಿಗೆ ಸಾಮಾನುಗಳನ್ನು ತೊಳೆದು ಪೂಜೆಗೆ ಇಡುವ ಮುನ್ನ, ಕಬ್ಬಿನ ಕಟಾವಿಗೆ ಮುಂಚೆ ಇನ್ನೊಮ್ಮೆ. ಆಗ ತೊಳೆದ ಹಿಡಿಯನ್ನು ಒಂದು ದಿನವಾದರೂ ಒಣಗಿಸಿ, ಮೊದಲು ಕಡಿದ ತುದಿಗಳಿಗೆ, ಆಮೇಲೆ ಅಂಗೈ ಕೂರುವ ಜಾಗಕ್ಕೆ ಹಚ್ಚಿರಿ.