ಕತ್ತಿ ತಾಗಿತೇ? ಹತ್ತು ನಿಮಿಷ ಬಟ್ಟೆ ಎತ್ತಬೇಡಿ

ಕೊಡಗಿನ ಕಾಫಿ ತೋಟಗಳಲ್ಲಿ ಮರಕಪಾತು, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಶುರುವಾದರೆ ಕೈ ಕುಯ್ದುಕೊಳ್ಳುವವರು ಇದ್ದೇ ಇರುತ್ತಾರೆ. ನಮ್ಮ ಲೈನ್ ಮನೆಯ ಹುಡುಗನೊಬ್ಬ ಹೆಬ್ಬೆರಳು ಕುಯ್ದುಕೊಂಡಾಗ ಸುತ್ತ ನಿಂತ ನಾಲ್ಕೂ ಜನ ‘ನಿಂತಿತಾ’ ಎಂದು ಒಬ್ಬೊಬ್ಬರಾಗಿ ಬಟ್ಟೆ ಎತ್ತಿ ನೋಡಿದರು. ಅರ್ಧ ಗಂಟೆಯಾದರೂ ರಕ್ತ ನಿಲ್ಲಲಿಲ್ಲ.

ಮೊದಲು ಕೂತುಕೊಳ್ಳಿ. ಸಣ್ಣ ಗಾಯವಾದರೆ ನಲ್ಲಿ ನೀರಿನಲ್ಲಿ ಮಣ್ಣು ತೊಳೆಯಿರಿ. ರಕ್ತ ಜೋರಾಗಿದ್ದರೆ ತೊಳೆಯುತ್ತ ಕೂರದೆ ಬಟ್ಟೆ ಇಟ್ಟು ಒತ್ತಿ.

ಒತ್ತುವುದರಲ್ಲೇ ಎಲ್ಲ ಇದೆ. ಕುಯ್ದ ಕೂಡಲೇ ರಕ್ತನಾಳ ತಾನಾಗಿ ಬಿಗಿದುಕೊಳ್ಳುತ್ತದೆ. ಹರಿದ ಅಂಚಿಗೆ ಪ್ಲೇಟ್‌ಲೆಟ್ ಎಂಬ ರಕ್ತದ ಪುಟ್ಟ ಕಣಗಳು ಬಂದು ಅಂಟುತ್ತವೆ. ಒಂದು ಮೈಕ್ರೋಲೀಟರ್ (ಲೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ರಕ್ತದಲ್ಲೇ ಸುಮಾರು 1.5ರಿಂದ 4.5 ಲಕ್ಷ ಇರುತ್ತವೆ. ಆದರೆ ಬರೀ ಇವುಗಳ ಗುಡ್ಡೆ ರಕ್ತದ ರಭಸಕ್ಕೆ ತಡೆಯದು. ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನ್, ಥ್ರಾಂಬಿನ್ ಎಂಬ ಕಿಣ್ವ ತಾಗಿ ಫೈಬ್ರಿನ್ ಎಳೆಗಳಾಗಬೇಕು, ಎಳೆಗಳು ಬಲೆಯಂತೆ ಹೆಣೆದುಕೊಳ್ಳಬೇಕು, ಕೆಂಪು ರಕ್ತಕಣಗಳು ಅದರಲ್ಲಿ ಸಿಕ್ಕಿಕೊಳ್ಳಬೇಕು. ಆಗ ಹೆಪ್ಪು ಗಟ್ಟಿಯಾಗುತ್ತದೆ. ನಡುವೆ ಬಟ್ಟೆ ಎತ್ತಿದರೆ ನೂಲಿಗೆ ಅಂಟಿದ ಬಲೆಯೂ ಕಿತ್ತು ಬರುತ್ತದೆ. ಬಟ್ಟೆಯ ಮೇಲೆ ಲೋಳೆಯಂಥ ಕಡುಗೆಂಪು ಚೂರು ಕಾಣುತ್ತದಲ್ಲ, ಅದೇ ಅದು.

ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಪೂರ್ತಿ ಒತ್ತಿ. ರಕ್ತ ಒಸರಿ ಬಂದರೆ ಅದರ ಮೇಲೇ ಇನ್ನೊಂದು ಬಟ್ಟೆ ಇಡಿ. ಕೈ ಎದೆಗಿಂತ ಮೇಲಿರಲಿ. ಒಗೆದ ಹಳೆಯ ಪಂಚೆಯ ತುಂಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಿಡಿ ಹತ್ತಿ ಬೇಡ, ನಾರು ಗಾಯದಲ್ಲೇ ಉಳಿಯುತ್ತದೆ. ಕಾಫಿಪುಡಿ, ಅರಿಶಿನ, ಬೀಡಿ ಬೂದಿ ಮೆತ್ತಲೇಬೇಡಿ. ಅದನ್ನೆಲ್ಲ ಆಸ್ಪತ್ರೆಯಲ್ಲಿ ಉಜ್ಜಿ ತೆಗೆಯುವಾಗ ಕಟ್ಟಿದ ಹೆಪ್ಪೂ ಹೋಗುತ್ತದೆ.

ಮಳೆಗಾಲದ ಜಿಗಣೆ ಕಡಿತದ ಲೆಕ್ಕ ಬೇರೆ. ಜಿಗಣೆಯ ಜೊಲ್ಲಿನಲ್ಲಿರುವ ಪ್ರೋಟೀನ್ ಥ್ರಾಂಬಿನ್ ಕೆಲಸವನ್ನೇ ತಡೆಯುವುದರಿಂದ ಸಾಸಿವೆಯಷ್ಟು ಗಾಯವೂ ಗಂಟೆಗಟ್ಟಲೆ ಸೋರುತ್ತದೆ. ಗಾಬರಿ ಬೇಡ. ಸೋಪು ಹಚ್ಚಿ ತೊಳೆದು, ಇನ್ನೂ ಹೆಚ್ಚು ಹೊತ್ತು ಒತ್ತಿ ಹಿಡಿಯಿರಿ.

ಒಣಗಿದ ಹೆಪ್ಪೇ ಹಕ್ಕಳೆ. ಅದರಡಿಯಲ್ಲಿ ಬಿಳಿ ರಕ್ತಕಣಗಳು ಕೊಳೆ ತೆಗೆಯುತ್ತವೆ, ಚರ್ಮಕ್ಕೆ ಬಲ ಕೊಡುವ ನಾರಿನಂಥ ಪ್ರೋಟೀನ್ ಕೊಲಾಜನ್ ಹೊಸದಾಗಿ ಕೂಡುತ್ತದೆ, ಅಂಚಿನಿಂದ ಚರ್ಮ ಬೆಳೆದು ಬರುತ್ತದೆ. ತುರಿಸಿದರೂ ಕೀಳಬೇಡಿ.

ರಕ್ತ ಚಿಮ್ಮುತ್ತಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ ಕಾಯದೆ ಆಸ್ಪತ್ರೆಗೆ ಹೊರಡಿ. ಹತ್ತು ನಿಮಿಷ ಒತ್ತಿಯೂ ನಿಲ್ಲದಿದ್ದರೂ ಅಷ್ಟೇ. ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡಿರಿ ಎಂದು ಡಾಕ್ಟರಿಗೆ ಹೇಳಿ. ಜೀಪು ತೋಟದ ದಾರಿಯಲ್ಲಿ ಎಷ್ಟೇ ಕುಲುಕಲಿ, ಒತ್ತಿದ ಕೈ ಮಾತ್ರ ತೆಗೆಯಬೇಡಿ.